ಪಾದವನ್ನು ನೋಡುವ ವಿದ್ಯೆ

ಗುರುಹಿರಿಯರ ಪಾದಗಳಿಗೆ ನಮಿಸುವುದು ನಮ್ಮ ನಾಡಿನ ಸಂಸ್ಕಾರ. ಆದರೆ ನಮ್ಮದೇ ಪಾದಗಳನ್ನು ನಾವು ಎಷ್ಟು ದಿನಗಳಿಗೊಮ್ಮೆ ನೋಡಿಕೊಳ್ಳುತ್ತೇವೆ? ದಿನಕ್ಕೆ ಹತ್ತು ಬಾರಿ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವವರೂ ಅಂಗಾಲನ್ನು ವರ್ಷಕ್ಕೊಮ್ಮೆಯಾದರೂ ನೋಡಿರುವುದಿಲ್ಲ. ಜೀವಮಾನವಿಡೀ ನಮ್ಮ ದೇಹದ ಭಾರವನ್ನು ಹೊರುವ ಈ ಅಂಗವು ನೋವಾದಾಗ ಮಾತ್ರ ನಮ್ಮ ನೆನಪಿಗೆ ಬರುತ್ತದೆ. ಮಧುಮೇಹ ಉಳ್ಳವರಲ್ಲಿ ಕೆಲವರಿಗೆ ಆ ನೋವೂ ಬರುವುದಿಲ್ಲ. ಅಪಾಯವು ಅಡಗಿರುವುದು ಅಲ್ಲಿಯೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ಜನರಿಗೆ ಮಧುಮೇಹವಿದೆ. ಮಧುಮೇಹಿಗಳಲ್ಲಿ ಪ್ರತಿ ಐದು ಜನರಲ್ಲಿ ಒಬ್ಬರಿಗಾದರೂ ಜೀವಿತಾವಧಿಯಲ್ಲಿ ಒಮ್ಮೆ ಪಾದದಲ್ಲಿ ಹುಣ್ಣಾಗುವ ಸಂಭವವಿದೆ ಎಂದು ತಜ್ಞರು ಅಂದಾಜಿಸುತ್ತಾರೆ. ಮಧುಮೇಹದಿಂದ ಕಾಲು ಕಳೆದುಕೊಂಡವರ ಹಿಂದಿನ ಕಥೆಯನ್ನು ಕೇಳಿದರೆ, ಬಹುಪಾಲು ಅದು ಒಂದು ಸಣ್ಣ ಹುಣ್ಣಿನಿಂದಲೇ ಆರಂಭವಾಗಿರುತ್ತದೆ. ಆ ಸಣ್ಣ ಹುಣ್ಣನ್ನು ಸಕಾಲದಲ್ಲಿ ಕಂಡಿದ್ದರೆ ಎಷ್ಟೋ ಕಾಲುಗಳು ಉಳಿಯುತ್ತಿದ್ದವು.

ಪಾದಗಳ ಆರೈಕೆಯನ್ನೇ ವೃತ್ತಿಯಾಗಿ ಕಲಿತವರನ್ನು ಪೋಡಿಯಾಟ್ರಿಸ್ಟ್ ಎಂದು ಕರೆಯುತ್ತಾರೆ. ನಾವು ಇಲ್ಲಿ ಪಾದಚಿಕಿತ್ಸಕರು ಎನ್ನೋಣ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಮೂರು ವರ್ಷಗಳ ಪದವಿಯಿದೆ. ಅಮೆರಿಕದಲ್ಲಿ ಪದವಿಯ ನಂತರ ಮತ್ತೆ ನಾಲ್ಕು ವರ್ಷ ಓದಿ, ಬಳಿಕ ಆಸ್ಪತ್ರೆಯಲ್ಲಿ ತರಬೇತಿ ಪಡೆಯಬೇಕು. ನಮ್ಮಲ್ಲಿ ಈ ವೃತ್ತಿಯವರು ಇನ್ನೂ ವಿರಳ. ವೈದ್ಯರು, ದಾದಿಯರು ಮತ್ತು ಫಿಸಿಯೋಥೆರಪಿ ಕಲಿತವರು ವಿಶೇಷ ತರಬೇತಿ ಪಡೆದು ಈ ಕೆಲಸವನ್ನು ನಿರ್ವಹಿಸುತ್ತಿದ್ದಾರೆ. ಅಂತಹ ತರಬೇತಿಗೆ ಬರುವವರಿಗೆ ಮೊದಲ ವಾರಗಳಲ್ಲಿ ನಾವು ಹೇಳಿಕೊಡುವ ಪಾಠಗಳನ್ನೇ ಈ ಲೇಖನದಲ್ಲಿ ಭಕ್ತಬಂಧುಗಳ ಮುಂದೆ ಇಡುತ್ತಿದ್ದೇವೆ. ಏಕೆಂದರೆ ಈ ಪಾಠಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಪ್ರತಿಯೊಂದು ಮನೆಯೂ ಕಲಿಯಬಹುದು.

ನೋವೆಂಬ ಕಾವಲುಗಾರ

ಈ ವಿದ್ಯೆಯ ಒಂದು ಮುಖ್ಯ ಬೇರು ನಮ್ಮ ದಕ್ಷಿಣ ಭಾರತದಲ್ಲಿಯೇ ಇದೆ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ೧೯೧೪ರಲ್ಲಿ ಜನಿಸಿದ ಪಾಲ್ ಬ್ರ್ಯಾಂಡ್ ಅವರು ಶಸ್ತ್ರವೈದ್ಯರಾಗಿ ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಕೈಕಾಲುಗಳು ರೋಗದಿಂದಲೇ ಕೊಳೆತು ಬೀಳುತ್ತವೆ ಎಂದು ಆ ಕಾಲದಲ್ಲಿ ಜನರು ನಂಬಿದ್ದರು. ಬ್ರ್ಯಾಂಡ್ ಮತ್ತು ಅವರ ಸಹೋದ್ಯೋಗಿಗಳು ರೋಗಿಗಳನ್ನು ಹತ್ತಿರದಿಂದ ಗಮನಿಸಿ ಬೇರೆಯೇ ಸತ್ಯವನ್ನು ಕಂಡುಕೊಂಡರು. ರೋಗವು ನರಗಳನ್ನು ಹಾಳುಮಾಡಿ ನೋವಿನ ಅರಿವನ್ನು ಕಸಿಯುತ್ತದೆ. ನೋವು ತಿಳಿಯದ ರೋಗಿಯು ಬಿಸಿ ಪಾತ್ರೆ ಹಿಡಿದೋ, ಮುಳ್ಳು ತುಳಿದೋ, ಗಾಯವಾದ ಕಾಲಿನ ಮೇಲೆಯೇ ನಡೆದೋ ತನ್ನ ಅಂಗವನ್ನು ತಾನೇ ಕಳೆದುಕೊಳ್ಳುತ್ತಾನೆ. ವೆಲ್ಲೂರಿನಲ್ಲಿ ಅಂತಹವರಿಗಾಗಿ ಮೈಕ್ರೋಸೆಲ್ಯುಲರ್ ರಬ್ಬರಿನ ಮೆತ್ತನೆಯ ಚಪ್ಪಲಿಗಳು ಸಿದ್ಧವಾದವು. ಎಂ.ಸಿ.ಆರ್. ಚಪ್ಪಲಿ ಎಂಬ ಹೆಸರಿನಿಂದ ಅವು ಇಂದಿಗೂ ಬಳಕೆಯಲ್ಲಿವೆ. ೧೯೬೬ರಲ್ಲಿ ಬ್ರ್ಯಾಂಡ್ ಅವರು ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಆಸ್ಪತ್ರೆಗೆ ತೆರಳಿದರು. ಕುಷ್ಠರೋಗಿಗಳ ಪಾದಗಳಿಂದ ಕಲಿತ ಪಾಠವು ಅಲ್ಲಿ ಮಧುಮೇಹಿಗಳ ಪಾದಗಳಿಗೂ ಅನ್ವಯವಾಯಿತು.

ಬಹುಕಾಲ ಹತೋಟಿಯಲ್ಲಿಲ್ಲದ ಸಕ್ಕರೆಯೂ ನರಗಳನ್ನು ಮೆಲ್ಲಮೆಲ್ಲನೆ ಮಂಕಾಗಿಸುತ್ತದೆ. ಮೊದಲು ಬೆರಳ ತುದಿಗಳಲ್ಲಿ ಜೋಮು, ಉರಿ, ಇರುವೆ ಹರಿದಂತಹ ಅನುಭವ. ಬಳಿಕ ಏನೂ ತಿಳಿಯದ ಸ್ಥಿತಿ. ಬೆವರು ಕಡಿಮೆಯಾಗಿ ಚರ್ಮ ಒಣಗುತ್ತದೆ, ಹಿಮ್ಮಡಿ ಒಡೆಯುತ್ತದೆ. ಪಾದದ ಸಣ್ಣ ಸ್ನಾಯುಗಳು ಬಲಗುಂದಿ ಬೆರಳುಗಳು ಬಾಗುತ್ತವೆ. ಭಾರವೆಲ್ಲ ಒಂದೆರಡು ಎಲುಬುಗಳ ಕೆಳಗೆ ಬೀಳುತ್ತದೆ. ಜೊತೆಗೆ ರಕ್ತನಾಳಗಳೂ ಕಿರಿದಾದರೆ ಆದ ಗಾಯ ಮಾಯುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಮೊದಲನೆಯ ಪಾಠ: ಕೆಳಗೆ ಕುಳಿತುಕೊಳ್ಳುವುದು

ವಿದ್ಯಾರ್ಥಿಯು ಮೊದಲು ಕಲಿಯಬೇಕಾದುದು ಯಾವ ಉಪಕರಣವನ್ನೂ ಅಲ್ಲ. ರೋಗಿಯನ್ನು ಎತ್ತರದ ಆಸನದಲ್ಲಿ ಕೂರಿಸಿ, ತಾನು ತಗ್ಗಿನ ಸ್ಟೂಲಿನ ಮೇಲೆ ಕುಳಿತು, ಪಾದವನ್ನು ಕಣ್ಣಿನ ಮಟ್ಟಕ್ಕೆ ತಂದುಕೊಳ್ಳುವುದನ್ನು ಅವನು ಕಲಿಯಬೇಕು. ನಮ್ಮ ಹಳ್ಳಿಗಳ ಹಿರಿಯರಿಗೆ ಇದು ಬಹಳ ಸಂಕೋಚದ ಸಂಗತಿ. ಬೇರೆಯವರು ತಮ್ಮ ಕಾಲು ಮುಟ್ಟುವುದನ್ನು ಅವರು ಒಪ್ಪುವುದಿಲ್ಲ. ಒಮ್ಮೆ ಹಿರಿಯ ರೈತರೊಬ್ಬರು ವಿದ್ಯಾರ್ಥಿನಿಯು ಕೈ ಚಾಚಿದೊಡನೆ ಕಾಲನ್ನು ಹಿಂದಕ್ಕೆ ಎಳೆದುಕೊಂಡು, “ಬ್ಯಾಡ ಯವ್ವಾ, ನೀ ಓದಿದಾಕಿ, ನನ್ನ ಕಾಲ ಮುಟ್ಟಬ್ಯಾಡ” ಎಂದರು. ಆಕೆ, “ಅಜ್ಜಾ, ನನ್ನ ಕೆಲಸಾನ ಇದು. ಮುಟ್ಟದಿದ್ರ ನನಗ ವಿದ್ಯಾ ಬರೂದಿಲ್ಲ” ಎಂದಾಗ ನಕ್ಕು ಕಾಲು ಮುಂದೆ ಚಾಚಿದರು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದನ್ನು ನಾವು ಮಾತಿನಲ್ಲಿ ಎಷ್ಟೋ ಬಾರಿ ಹೇಳುತ್ತೇವೆ. ಅಂದು ಆ ಹುಡುಗಿ ಅದನ್ನು ಮಾಡಿ ತೋರಿಸಿದಳು.

ಮುಟ್ಟುವ ಮುನ್ನ ಕೈ ತೊಳೆಯಬೇಕು: ಸಾಬೂನು ಮತ್ತು ನೀರಿನಿಂದ ೪೦ರಿಂದ ೬೦ ಸೆಕೆಂಡುಗಳ ಕಾಲ. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಮತ್ತೆ ತೊಳೆಯಬೇಕು. ಆ ಬಳಿಕ ಪ್ರಶ್ನೆಗಳು. ಮಧುಮೇಹ ಬಂದು ಎಷ್ಟು ವರ್ಷವಾಯಿತು? ಹಿಂದೆ ಎಂದಾದರೂ ಪಾದದಲ್ಲಿ ಹುಣ್ಣಾಗಿತ್ತೇ? ನಡೆಯುವಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುತ್ತದೆಯೇ? ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತೀರಾ? ಉಗುರು ಯಾರು ಕತ್ತರಿಸುತ್ತಾರೆ? ಹೊಲದಲ್ಲಿ, ಮನೆಯಲ್ಲಿ ಕಾಲಿಗೆ ಏನು ಧರಿಸುತ್ತೀರಿ? ಕೊನೆಯ ಎರಡು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಮರೆಯುವುದೇ ಹೆಚ್ಚು. ಉತ್ತರವು ಅಡಗಿರುವುದು ಅನೇಕ ಸಲ ಅವುಗಳಲ್ಲಿಯೇ.

ಎರಡನೆಯ ಪಾಠ: ನೋಡುವುದು, ಮುಟ್ಟುವುದು

ನೋವಿರುವ ಪಾದವನ್ನು ಮಾತ್ರ ನೋಡುವುದು ತಪ್ಪು, ಎರಡನ್ನೂ ನೋಡಬೇಕು. ಮೇಲ್ಭಾಗ, ಅಂಗಾಲು, ಹಿಮ್ಮಡಿ, ಪ್ರತಿಯೊಂದು ಬೆರಳಿನ ಸಂದು, ಉಗುರಿನ ಅಂಚು ಹೀಗೆ ಕ್ರಮವಾಗಿ ಸಾಗಬೇಕು. ಸಂದುಗಳಲ್ಲಿ ಬೆಳ್ಳಗೆ ನೆಂದ ಚರ್ಮವಿದ್ದರೆ ಅಲ್ಲಿ ಬೂಷ್ಟಿನ ಸೋಂಕಿರಬಹುದು. ಅದು ದೊಡ್ಡ ಸೋಂಕಿಗೆ ಬಾಗಿಲಾಗುತ್ತದೆ. ಜಡ್ಡುಗಟ್ಟಿದ ಚರ್ಮದ ಒಳಗೆ ಕಪ್ಪು ಅಥವಾ ಕಂದು ಚುಕ್ಕೆ ಕಂಡರೆ ಒಳಗೆ ರಕ್ತ ಒಸರಿದೆ ಎಂದರ್ಥ. ಅದರ ಅಡಿಯಲ್ಲಿ ಹುಣ್ಣು ಇರಬಹುದು. ಬಳಿಕ ಚಪ್ಪಲಿ ಅಥವಾ ಬೂಟಿನ ಒಳಗೆ ಕೈಯಾಡಿಸಿ, ಎಲ್ಲಿ ಸವೆದಿದೆ, ಒಳಗೆ ಏನಾದರೂ ಚುಚ್ಚುತ್ತಿದೆಯೇ ಎಂದು ನೋಡಬೇಕು. ಪಾದರಕ್ಷೆಯನ್ನು ನೋಡದ ಪಾದಪರೀಕ್ಷೆ ಅಪೂರ್ಣವೆಂದೇ ತಿಳಿಯಬೇಕು.

ಮುಂದೆ ಅಂಗೈಯ ಹಿಂಬದಿಯಿಂದ ಎರಡೂ ಪಾದಗಳ ಬಿಸಿಯನ್ನು ಹೋಲಿಸಬೇಕು. ಗಾಯವಿಲ್ಲದಿದ್ದರೂ ಒಂದೇ ಪಾದ ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿದ್ದರೆ ಒಳಗಿನ ಎಲುಬು, ಕೀಲುಗಳು ಕುಸಿಯತೊಡಗಿರಬಹುದು. ಶಾರ್ಕೋ ಪಾದವೆಂದು ಕರೆಯುವ ಈ ಸ್ಥಿತಿಯಲ್ಲಿ ನೋವು ಅತ್ಯಲ್ಪವಾಗಿರಬಹುದು. ಉಳುಕಿದೆಯೆಂದು ತಿಳಿದು ಎಣ್ಣೆ ತಿಕ್ಕಿಸಿಕೊಂಡು ನಡೆದಾಡಿದರೆ ಪಾದದ ಆಕಾರವೇ ಕೆಟ್ಟುಹೋಗುತ್ತದೆ.

ರಕ್ತಸಂಚಾರವನ್ನು ಅರಿಯಲು ಎರಡು ಕಡೆ ನಾಡಿ ನೋಡಬೇಕು. ಒಂದು, ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಸ್ನಾಯುರಜ್ಜುವಿನ ಪಕ್ಕದಲ್ಲಿ. ಇನ್ನೊಂದು, ಕಾಲಿನ ಗಂಟಿನ ಒಳಬದಿಯ ಎಲುಬಿನ ಹಿಂದೆ. ಎರಡು ಮೂರು ಬೆರಳುಗಳ ತುದಿಯಿಂದ ಹಗುರವಾಗಿ ಮುಟ್ಟಬೇಕು. ಹೆಬ್ಬೆರಳಿನಿಂದ ಮುಟ್ಟಿದರೆ ನಮ್ಮದೇ ನಾಡಿಯನ್ನು ರೋಗಿಯ ನಾಡಿಯೆಂದು ಭ್ರಮಿಸುವುದುಂಟು. ಗಟ್ಟಿಯಾಗಿ ಒತ್ತಿದರೆ ಇರುವ ನಾಡಿಯೂ ಮರೆಯಾಗುತ್ತದೆ. ಕೆಲವರಲ್ಲಿ ಪಾದದ ಮೇಲಿನ ನಾಡಿ ಹುಟ್ಟಿನಿಂದಲೇ ಸಿಗುವುದಿಲ್ಲವಾದ್ದರಿಂದ ಎರಡನ್ನೂ ನೋಡುವುದು ಅಗತ್ಯ. ನಾಡಿ ಸಿಗದಿದ್ದರೆ ಡಾಪ್ಲರ್ ಪರೀಕ್ಷೆ ಮಾಡಿಸಬೇಕು.

ಮೂರನೆಯ ಪಾಠ: ಸ್ಪರ್ಶದ ಅರಿವು

ನೈಲಾನ್ ಎಳೆಯೊಂದನ್ನು ಹಿಡಿಕೆಗೆ ಸಿಕ್ಕಿಸಿದ ಸರಳ ಸಾಧನಕ್ಕೆ ಮಾನೋಫಿಲಮೆಂಟ್ ಎಂದು ಹೆಸರು. ಅದನ್ನು ಚರ್ಮಕ್ಕೆ ನೇರವಾಗಿ ಒತ್ತಿದಾಗ ೧೦ ಗ್ರಾಂ ಭಾರಕ್ಕೆ ಬಾಗುತ್ತದೆ. ಆ ಸ್ಪರ್ಶವೂ ತಿಳಿಯದ ಪಾದವು ತನ್ನನ್ನು ತಾನು ಕಾಪಾಡಿಕೊಳ್ಳಲಾರದು. ಮೊದಲು ರೋಗಿಯ ಕೈಗೆ ಮುಟ್ಟಿಸಿ ಅದು ಹೇಗಿರುತ್ತದೆಂದು ತೋರಿಸಬೇಕು. ಬಳಿಕ ಅವರು ಕಣ್ಣು ಮುಚ್ಚಿಕೊಳ್ಳಬೇಕು. ಹೆಬ್ಬೆರಳಿನ ಅಡಿ, ಅದರ ಬುಡದ ದಪ್ಪ ಭಾಗ ಹಾಗೂ ಕಿರುಬೆರಳಿನ ಬುಡ ಎಂಬ ಮೂರು ಸ್ಥಳಗಳಲ್ಲಿ ಪರೀಕ್ಷಿಸಬೇಕು. ಪ್ರತಿ ಸ್ಥಳದಲ್ಲಿ ಎರಡು ಬಾರಿ ಮುಟ್ಟಬೇಕು, ಒಂದು ಬಾರಿ ಮುಟ್ಟದೆಯೇ ಕೇಳಬೇಕು. ಮೂರರಲ್ಲಿ ಎರಡು ಉತ್ತರ ತಪ್ಪಾದರೆ ಅಲ್ಲಿ ಅರಿವು ಕುಂದಿದೆ ಎಂದು ತಿಳಿಯಬೇಕು. ಜಡ್ಡಿನ ಮೇಲೆ, ಹುಣ್ಣಿನ ಮೇಲೆ ಈ ಪರೀಕ್ಷೆ ಮಾಡಬಾರದು.

ಮುಟ್ಟದೆಯೇ ಕೇಳುವುದು ಏಕೆ? ಇದನ್ನು ನಮಗೆ ಮನದಟ್ಟು ಮಾಡಿಕೊಟ್ಟವರು ಮೇಲೆ ಹೇಳಿದ ಅದೇ ಹಿರಿಯ ರೈತರು. ಅಂದು ಹೊರಗೆ ರೋಗಿಗಳ ಸಾಲು ಉದ್ದವಾಗಿತ್ತು. ಪರೀಕ್ಷೆಯನ್ನು ವಿದ್ಯಾರ್ಥಿನಿಗೆ ಒಪ್ಪಿಸಿ ನಾವು ಪಕ್ಕದ ಕೋಣೆಗೆ ಹೋಗಿದ್ದೆವು. ಕಣ್ಣು ಮುಚ್ಚಿಸುವುದನ್ನು ಮರೆತ ಆಕೆ, ಪ್ರತಿ ಸಲ ಎಳೆಯನ್ನು ಒತ್ತಿ, “ಗೊತ್ತಾಗ್ತದೇನ್ರಿ ಅಜ್ಜಾ?” ಎಂದು ಕೇಳಿದಳು. ಅವರು ಪ್ರತಿ ಸಲವೂ “ಹೌದು ಯವ್ವಾ” ಎಂದರು. ಚೀಟಿಯ ಮೇಲೆ “ಸ್ಪರ್ಶ ಸರಿಯಾಗಿದೆ” ಎಂದು ಬರೆದಾಯಿತು. ಅವರು ಎದ್ದು ಚಪ್ಪಲಿ ಮೆಟ್ಟುವ ಹೊತ್ತಿಗೆ ನಾವು ಹಿಂದಿರುಗಿದೆವು. ಅಭ್ಯಾಸದಂತೆ ಚಪ್ಪಲಿಯನ್ನು ಕೈಗೆತ್ತಿಕೊಂಡಾಗ, ಅದರ ಅಟ್ಟೆಯನ್ನು ತೂರಿ ಬಂದ ಮೊಳೆಯ ತುದಿ ನಮ್ಮ ಬೆರಳಿಗೆ ತಗುಲಿತು. ಅದಕ್ಕೆ ಸರಿಯಾಗಿ ಅವರ ಅಂಗಾಲಿನ ಜಡ್ಡಿನಲ್ಲಿ ಒಂದು ಕಪ್ಪು ಚುಕ್ಕೆ. ಎಷ್ಟು ದಿನಗಳಿಂದ ಆ ಮೊಳೆಯ ಮೇಲೆ ನಡೆದಿದ್ದರೋ ಅವರಿಗೇ ತಿಳಿಯದು. ಕಣ್ಣು ಮುಚ್ಚಿಸಿ ಮತ್ತೆ ಪರೀಕ್ಷಿಸಿದೆವು. ಒಂದು ಕಡೆಯೂ ಉತ್ತರ ಬರಲಿಲ್ಲ.

“ಮೊದಲು ಹೌದು ಎಂದಿರಲ್ಲ ಅಜ್ಜಾ?” ಎಂದು ಕೇಳಿದೆವು. “ಕೂಸು ಅಷ್ಟು ಕಷ್ಟಪಟ್ಟು ಕೇಳಾಕತ್ತಿತ್ರಿ. ಇಲ್ಲ ಅಂದ್ರ ಬ್ಯಾಸರ ಮಾಡ್ಕೋತೈತಿ ಅಂತ ಹೌದ ಅಂದೆ” ಎಂದರು. ಆ ಮಾತು ಕೇಳಿ ವಿದ್ಯಾರ್ಥಿನಿಯ ಕಣ್ಣು ತುಂಬಿತು. ತಪ್ಪು ಆಕೆಯೊಬ್ಬಳದೇ ಆಗಿರಲಿಲ್ಲ; ಹೊಸಬಳನ್ನು ಒಂಟಿಯಾಗಿ ಬಿಟ್ಟುಹೋದ ನಮ್ಮದೂ ಆಗಿತ್ತು. ಜಡ್ಡನ್ನು ತೆಗೆದಾಗ ಒಳಗೆ ಹುಣ್ಣು ಕಂಡಿತು. ಪುಣ್ಯಕ್ಕೆ ಎಲುಬನ್ನು ಮುಟ್ಟಿರಲಿಲ್ಲ. ಪಾದದ ಮೇಲೆ ಭಾರ ಬೀಳದಂತೆ ವ್ಯವಸ್ಥೆ ಮಾಡಿ, ಏಳು ವಾರಗಳ ಕಾಲ ಆರೈಕೆ ಮಾಡಿದ ಮೇಲೆ ಅದು ಮಾಯಿತು. ಅಂದು ಅವರು ಆ ಚೀಟಿಯೊಡನೆ ಮನೆಗೆ ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ಮನಸ್ಸು ಕಳವಳಗೊಳ್ಳುತ್ತದೆ. ನಮ್ಮ ಜನರ ಸೌಜನ್ಯವು ದೊಡ್ಡ ಗುಣ. ಆದರೆ ವೈದ್ಯರ ಮುಂದೆ ಸೌಜನ್ಯಕ್ಕಾಗಿ “ಹೌದು” ಎನ್ನುವುದು ತಮಗೆ ತಾವೇ ಮಾಡಿಕೊಳ್ಳುವ ಅನ್ಯಾಯ. ತಿಳಿಯದಿದ್ದರೆ “ತಿಳಿಯುತ್ತಿಲ್ಲ” ಎಂದೇ ಹೇಳಬೇಕೆಂದು ಓದುಗರಲ್ಲಿ ನಮ್ಮ ವಿಜ್ಞಾಪನೆ.

ನಾಲ್ಕನೆಯ ಪಾಠ: ಉಗುರು, ಜಡ್ಡು, ಆಣಿ

ಉಗುರನ್ನು ನೇರವಾಗಿ ಅಡ್ಡಲಾಗಿ ಕತ್ತರಿಸಬೇಕು. ಮೂಲೆಗಳನ್ನು ಒಳಕ್ಕೆ ಕೊರೆಯಬಾರದು. ಕೊರೆದರೆ ಉಗುರು ಮಾಂಸದೊಳಗೆ ಬೆಳೆದು ಕೀವಾಗುತ್ತದೆ. ಚೂಪಾದ ಅಂಚನ್ನು ಅರದಿಂದ ನಯಗೊಳಿಸಿದರೆ ಸಾಕು. ಕಣ್ಣು ಮಂಜಾದವರು, ಸ್ಪರ್ಶ ಕುಂದಿದವರು ತಮ್ಮ ಉಗುರನ್ನು ತಾವೇ ಕತ್ತರಿಸಿಕೊಳ್ಳಬಾರದು. ಮನೆಯ ಕಿರಿಯರು ಆ ಸೇವೆಯನ್ನು ಮಾಡಬೇಕು.

ಜಡ್ಡು ತೆಗೆಯಲು ವಿದ್ಯಾರ್ಥಿಗೆ ತಕ್ಷಣವೇ ಬ್ಲೇಡು ಕೊಡುವುದಿಲ್ಲ. ಮೊದಲು ಸಾಬೂನಿನ ಬಿಲ್ಲೆಯ ಮೇಲೆ ತೆಳುಪದರ ಹೆರೆಯುವ ಅಭ್ಯಾಸ ಮಾಡಿಸುತ್ತೇವೆ. ಒಂದು ಕೈಯಿಂದ ಚರ್ಮವನ್ನು ಬಿಗಿಹಿಡಿದು, ಇನ್ನೊಂದರಿಂದ ಕಾಗದದಂತಹ ಪದರಗಳನ್ನು ಒಂದೊಂದಾಗಿ ತೆಗೆಯಬೇಕು. ನಸುಗೆಂಪು ಕಂಡೊಡನೆ ನಿಲ್ಲಿಸಬೇಕು. ಬಳಸಿದ ಬ್ಲೇಡನ್ನು ಚೂಪಾದ ವಸ್ತುಗಳಿಗೆಂದೇ ಇರುವ ಬಿಳಿಯ ಗಟ್ಟಿ ಡಬ್ಬಿಗೆ ಹಾಕಬೇಕು. ತರಬೇತಿ ಪಡೆದವರಿಗೇ ಇಷ್ಟು ಎಚ್ಚರಿಕೆ ಬೇಕಾದರೆ, ಮನೆಯಲ್ಲಿ ಗಡ್ಡದ ಬ್ಲೇಡಿನಿಂದ ಆಣಿ ಕೊಯ್ದುಕೊಳ್ಳುವುದು ಎಷ್ಟು ಅಪಾಯವೆಂಬುದನ್ನು ಊಹಿಸಬಹುದು. ಔಷಧಿ ಅಂಗಡಿಯಲ್ಲಿ ಸಿಗುವ ಕಾರ್ನ್ ಕ್ಯಾಪ್ ಪಟ್ಟಿಗಳಲ್ಲಿ ಚರ್ಮವನ್ನು ಕರಗಿಸುವ ಆಮ್ಲವಿರುತ್ತದೆ. ಮಧುಮೇಹಿಗಳು ಅವನ್ನು ಬಳಸಬಾರದು. ಅದು ಆಣಿಯೊಡನೆ ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ಐದನೆಯ ಪಾಠ: ಮನೆಗೆ ಕಳುಹಿಸುವ ಮುನ್ನ

ಪರೀಕ್ಷೆ ಮುಗಿದ ಮೇಲೆ ಮುಂದಿನ ಭೇಟಿ ಯಾವಾಗ ಎಂದು ನಿರ್ಧರಿಸಬೇಕು. ಸ್ಪರ್ಶವೂ ನಾಡಿಯೂ ಸರಿಯಿದ್ದರೆ ವರ್ಷಕ್ಕೊಮ್ಮೆ ಸಾಕು. ಎರಡರಲ್ಲಿ ಒಂದು ಕುಂದಿದ್ದರೆ ೬ರಿಂದ ೧೨ ತಿಂಗಳಿಗೊಮ್ಮೆ. ಎರಡೂ ಕುಂದಿದ್ದರೆ, ಅಥವಾ ಒಂದರ ಜೊತೆಗೆ ಪಾದದ ಆಕಾರವೂ ಬದಲಾಗಿದ್ದರೆ ೩ರಿಂದ ೬ ತಿಂಗಳಿಗೊಮ್ಮೆ. ಇವುಗಳೊಡನೆ ಹಿಂದೆ ಹುಣ್ಣಾಗಿದ್ದವರು ಅಥವಾ ಬೆರಳು ತೆಗೆಸಿಕೊಂಡವರು ೧ರಿಂದ ೩ ತಿಂಗಳಿಗೊಮ್ಮೆ ಬರಬೇಕು. ಕೊನೆಯದಾಗಿ, ಹೇಳಿದ್ದನ್ನೆಲ್ಲ ರೋಗಿಯಿಂದಲೇ ಮರಳಿ ಹೇಳಿಸಬೇಕು. “ತಿಳಿಯಿತೇ?” ಎಂದು ಕೇಳಿದರೆ ಎಲ್ಲರೂ “ತಿಳಿಯಿತು” ಎನ್ನುತ್ತಾರೆ. “ನಾಳೆ ಮನೆಯಲ್ಲಿ ಏನು ಮಾಡುತ್ತೀರಿ, ನನಗೆ ಹೇಳಿರಿ” ಎಂದು ಕೇಳಬೇಕು.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು ಹೀಗಿವೆ:

೧. ಪ್ರತಿದಿನ ಸ್ನಾನವಾದ ಮೇಲೆ, ಪೂಜೆಗೆ ಕುಳಿತುಕೊಳ್ಳುವ ಮುನ್ನ, ಎರಡು ನಿಮಿಷ ಪಾದಗಳನ್ನು ನೋಡಿಕೊಳ್ಳಬೇಕು. ಬಾಗಲಾಗದವರು ನೆಲದ ಮೇಲೆ ಕನ್ನಡಿಯಿಟ್ಟು ನೋಡಬಹುದು, ಇಲ್ಲವೆ ಮನೆಯವರಿಂದ ನೋಡಿಸಿಕೊಳ್ಳಬಹುದು.

೨. ನೀರಿನ ಬಿಸಿಯನ್ನು ಪಾದದಿಂದ ನೋಡಬಾರದು, ಮೊಣಕೈಯಿಂದ ನೋಡಬೇಕು. ಪಾದಗಳನ್ನು ಬಹಳ ಹೊತ್ತು ನೀರಿನಲ್ಲಿ ನೆನೆಸಬಾರದು. ಬಿಸಿನೀರಿನ ಚೀಲ, ಕೆಂಡದ ಕಾವು ಬೇಡ.

೩. ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಬೇಕು. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಅಥವಾ ಮುಲಾಮು ಹಚ್ಚಬಹುದು, ಸಂದುಗಳಿಗೆ ಹಚ್ಚಬಾರದು.

೪. ಮನೆಯ ಒಳಗೂ ಹೊರಗೂ ಬರಿಗಾಲಿನಲ್ಲಿ ನಡೆಯಬಾರದು. ಮೆಟ್ಟುವ ಮೊದಲು ಪಾದರಕ್ಷೆಯನ್ನು ಕೊಡವಿ, ಒಳಗೆ ಕೈಯಾಡಿಸಿ ನೋಡಬೇಕು. ಹೊಸ ಚಪ್ಪಲಿಯನ್ನು ಸಂಜೆ ಕೊಳ್ಳುವುದು ಲೇಸು. ಆಗ ಪಾದ ತುಸು ಊದಿಕೊಂಡಿರುತ್ತದೆ.

೫. ತಿಂಗಳಿಗೊಮ್ಮೆ ಮನೆಯವರೊಬ್ಬರು ಸ್ಪರ್ಶಪರೀಕ್ಷೆ ಮಾಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಹೆಸರಿನಿಂದ ಪ್ರಸಿದ್ಧವಾದ ಈ ಕ್ರಮಕ್ಕೆ ಉಪಕರಣವೇ ಬೇಡ. ಹಿರಿಯರು ಕಣ್ಣು ಮುಚ್ಚಿಕೊಂಡಿರುವಾಗ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು ಹಾಗೂ ಕಿರುಬೆರಳಿನ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಿಕ್ಕಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ವೈದ್ಯರನ್ನು ಕಾಣಬೇಕು.

೬. ಹುಣ್ಣು, ಬೊಬ್ಬೆ, ಕೀವು, ದುರ್ವಾಸನೆ, ಬೆರಳು ಕಪ್ಪಾಗುವುದು, ಒಂದೇ ಪಾದ ಬಿಸಿಯಾಗಿ ಊದುವುದು, ಇವುಗಳಲ್ಲಿ ಯಾವುದು ಕಂಡರೂ “ನಾಳೆ ನೋಡೋಣ” ಎನ್ನದೆ ಅಂದೇ ಆಸ್ಪತ್ರೆಗೆ ಹೋಗಬೇಕು. ನೋವಿಲ್ಲವೆಂಬುದು ಧೈರ್ಯದ ಕಾರಣವಲ್ಲ, ಎಚ್ಚರದ ಕಾರಣ.

ಜಾತ್ರೆ ಮತ್ತು ಪಾದಯಾತ್ರೆಯ ಸಂದರ್ಭದಲ್ಲಿ

ಯುಗಾದಿಯ ಹೊತ್ತಿಗೆ ನಮ್ಮ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಸಾವಿರಾರು ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಕೈಗೊಳ್ಳುತ್ತಾರೆ. ಅದು ಬಿಸಿಲಿನ ಕಾಲ. ಡಾಂಬರು ರಸ್ತೆ ಕಾದಿರುತ್ತದೆ. ಬರಿಗಾಲಿನಲ್ಲಿ ನಡೆಯುವ ಹರಕೆ ಹೊತ್ತವರೂ ಇರುತ್ತಾರೆ. ಕೆಲವು ಜಾತ್ರೆಗಳಲ್ಲಿ ಕೆಂಡ ಹಾಯುವ ಆಚರಣೆಯೂ ಇದೆ. ಸ್ಪರ್ಶ ಕುಂದಿದ ಪಾದಕ್ಕೆ ಸುಟ್ಟದ್ದು ಸುಟ್ಟ ಹೊತ್ತಿನಲ್ಲಿ ತಿಳಿಯುವುದಿಲ್ಲ. ಮರುದಿನ ಬೊಬ್ಬೆ ಒಡೆದಾಗ ತಿಳಿಯುತ್ತದೆ. ಆದುದರಿಂದ ಮಧುಮೇಹ ಉಳ್ಳ ಭಕ್ತರು ಯಾತ್ರೆಗೆ ಒಂದು ತಿಂಗಳು ಮೊದಲೇ ಪಾದ ಪರೀಕ್ಷಿಸಿಕೊಳ್ಳಬೇಕು. ಸ್ಪರ್ಶ ಕುಂದಿದೆಯೆಂದು ತಿಳಿದವರು ಬರಿಗಾಲಿನ ಹರಕೆಯನ್ನೂ ಕೆಂಡ ಹಾಯುವುದನ್ನೂ ಬಿಡಬೇಕು. ನಡೆಯಲು ವೈದ್ಯರು ಅನುಮತಿಸಿದರೆ ಹಳೆಯ, ಪಳಗಿದ ಪಾದರಕ್ಷೆಯನ್ನೇ ಧರಿಸಬೇಕು. ಯಾತ್ರೆಗೆಂದು ಹೊಸದನ್ನು ಕೊಳ್ಳಬಾರದು. ಪ್ರತಿ ತಂಗುದಾಣದಲ್ಲಿ ಜೊತೆಯವರಿಂದ ಅಂಗಾಲು ನೋಡಿಸಿಕೊಳ್ಳಬೇಕು. ಪಾದರಕ್ಷೆ ಬಿಡಲೇಬೇಕಾದ ಸ್ಥಳಗಳಲ್ಲಿ ದಪ್ಪ ಹತ್ತಿಯ ಕಾಲುಚೀಲವಿರಲಿ; ಬಿರುಬಿಸಿಲಿನ ಹೊತ್ತನ್ನು ಬಿಟ್ಟು ಬೆಳಗಿನ ಇಲ್ಲವೆ ಸಂಜೆಯ ತಂಪಿನಲ್ಲಿ ದರ್ಶನ ಪಡೆಯಬೇಕು. ದಾರಿಯಲ್ಲಿ ದಾಸೋಹದ ಸೇವೆ ಮಾಡುವವರು ಅನ್ನ ನೀರಿನೊಡನೆ ಪಾದ ನೋಡುವ ಸೇವೆಯನ್ನೂ ಸೇರಿಸಿಕೊಂಡರೆ ಎಷ್ಟೋ ಜನರಿಗೆ ಉಪಕಾರವಾದೀತು.

ನಮ್ಮ ವಿದ್ಯಾರ್ಥಿನಿ ಈಗ ತಾನೇ ಹೊಸಬರಿಗೆ ಪಾಠ ಹೇಳುತ್ತಾಳೆ. ಪರೀಕ್ಷೆ ಆರಂಭಿಸುವ ಮುನ್ನ ಆಕೆ ಪ್ರತಿಯೊಬ್ಬ ಹಿರಿಯರಿಗೂ ಹೇಳುವ ಮಾತು ಒಂದೇ: “ಅಜ್ಜಾ, ಗೊತ್ತಾಗದಿದ್ರ ಸುಮ್ಮನ ಇರ್ರಿ. ನನಗ ಬ್ಯಾಸರ ಆಗೂದಿಲ್ಲ.” ಈ ತಿಂಗಳು ಓದುಗರೆಲ್ಲರೂ ತಮ್ಮ ಮನೆಯ ಹಿರಿಯರನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಅವರ ಆರು ಬೆರಳುಗಳನ್ನು ಒಮ್ಮೆ ಮುಟ್ಟಿ ನೋಡಲೆಂದು ಕೋರುತ್ತೇವೆ. ಎಲ್ಲರ ಹೆಜ್ಜೆಗಳೂ ಸುಕ್ಷೇಮವಾಗಿರಲಿ.